ಡ್ರೋನ್‌ಗೆ ಹೊಸ ಜಿಪಿಎಸ್ ಹಾಕಿಸಿದರೆ ತೋಟದ ಗಡಿ ಗೊತ್ತಾಗುತ್ತದೆಯೇ?

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿ ಅಡಿಕೆಯ ಸೀಮೆ. ಭದ್ರಾ ನದಿಯ ನೀರನ್ನೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆಯ ಹೆಸರಿನಲ್ಲಿರುವ ಉಬ್ರಾಣಿಯೂ ಇದೇ. ಇಂಥ ಕಡೆಗಳಲ್ಲಿ ಡ್ರೋನ್ ಈಗ ಬೆರಗಿನ ವಸ್ತುವಾಗಿ ಉಳಿದಿಲ್ಲ. ಮದುವೆ, ಜಾತ್ರೆಗಳ ವಿಡಿಯೊಗೆ ಬರುತ್ತದೆ. ತೋಟ, ಗದ್ದೆಗೆ ಔಷಧಿ ಹೊಡೆಯಲೂ ಬರುತ್ತದೆ. ಅದರ ಜೊತೆಗೆ ಒಂದು ನಂಬಿಕೆಯೂ ಬಂದಿದೆ: "ಹಳೇ ಡ್ರೋನ್‌ಗೆ ಹೊಸ ಜಿಪಿಎಸ್ ಮಾಡ್ಯೂಲ್ ಹಾಕಿಸಿದರೆ ಒಂದಿಂಚೂ ಆಚೀಚೆ ಆಗಲ್ಲ. ತೋಟದ ಗಡಿಯನ್ನೂ ಅದರಲ್ಲೇ ಅಳೆದುಬಿಡಬಹುದು."

ಈ ಮಾತಿನಲ್ಲಿ ಅರ್ಧ ನಿಜವಿದೆ. ಒಳ್ಳೆಯ ಜಿಪಿಎಸ್ ಮಾಡ್ಯೂಲ್ ಹಾಕಿದರೆ ಡ್ರೋನ್ ಹೆಚ್ಚು ನಂಬಿಕಸ್ಥವಾಗುತ್ತದೆ. ಬೇಗ ತನ್ನ ಜಾಗ ಕಂಡುಕೊಳ್ಳುತ್ತದೆ, ಗಾಳಿಯಲ್ಲಿ ನಿಂತಲ್ಲಿ ನಿಲ್ಲುತ್ತದೆ, ಸಿಗ್ನಲ್ ಕಡಿದುಹೋದರೆ ಹೊರಟ ಜಾಗಕ್ಕೆ ವಾಪಸ್ ಬರುತ್ತದೆ. ಆದರೆ ಒಂದೆರಡು ಸಾವಿರ ರೂಪಾಯಿಯ ಮಾಡ್ಯೂಲ್‌ನಿಂದ ಡ್ರೋನ್ ಅಳತೆಗೋಲು ಆಗುವುದಿಲ್ಲ. ಅಕ್ಕಪಕ್ಕದ ಹೊಲದವರ ನಡುವೆ ಜಗಳ ಹಚ್ಚುವುದು ಸಾಮಾನ್ಯವಾಗಿ ಒಂದೆರಡು ಅಡಿಯ ವ್ಯತ್ಯಾಸ. ಈ ಮಾಡ್ಯೂಲ್‌ನ ತಪ್ಪೇ ಅದಕ್ಕಿಂತ ದೊಡ್ಡದು. ಹೇಗೆ ಎಂದು ನೋಡೋಣ.

ಜಿಪಿಎಸ್ ಅಳೆಯುವುದು ದೂರವನ್ನಲ್ಲ, ಸಮಯವನ್ನು

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಂಥ ಉಪಗ್ರಹ, ಈಗ ಇಲ್ಲಿದ್ದೇನೆ, ಈಗಿನ ಸಮಯ ಇಷ್ಟು" ಎಂದು ಅವು ನಿರಂತರ ಹೇಳುತ್ತಲೇ ಇರುತ್ತವೆ. ನಮ್ಮ ಡ್ರೋನ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸಂದೇಶ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಉದ್ದ, ಅಗಲ, ಎತ್ತರ ಮತ್ತು ತನ್ನ ಗಡಿಯಾರದ ತಪ್ಪು, ಹೀಗೆ ನಾಲ್ಕು ಗೊತ್ತಿಲ್ಲದ ಸಂಖ್ಯೆಗಳಿರುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಓಡುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ, ಅಂದರೆ ಒಂದು ನ್ಯಾನೊಸೆಕೆಂಡಿಗೆ, ಅದು ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಸಮಯದ ಲೆಕ್ಕದಲ್ಲಿ 10 ನ್ಯಾನೊಸೆಕೆಂಡ್ ತಪ್ಪಿದರೆ ದೂರದಲ್ಲಿ 3 ಮೀಟರ್ ತಪ್ಪಿದಂತೆ.

ಆ ತಪ್ಪು ಎಲ್ಲಿಂದ ಬರುತ್ತದೆ? ಒಂದು ದೊಡ್ಡ ಕಾರಣ ಅಯಾನುಮಂಡಲ. ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಾವಿಷ್ಟ ಕಣಗಳ ಈ ಪದರವನ್ನು ಹಾದು ಬರುವಾಗ ಸಂಕೇತ ನಿಧಾನವಾಗುತ್ತದೆ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾದಿಂದ ರಾಕೆಟ್ ಹಾರಿಸಲು ಶುರು ಮಾಡಿದ್ದೂ ಇದೇ ಕಾರಣಕ್ಕೆ. ಹಾಗಾಗಿ ನಮ್ಮ ತಲೆಯ ಮೇಲಿನ ಅಯಾನುಮಂಡಲ ಯುರೋಪಿನವರದ್ದಕ್ಕಿಂತ ಹೆಚ್ಚು ಚಂಚಲ. ಸೂರ್ಯ ಮುಳುಗಿದ ಮೇಲೆ ಕೆಲವು ಸಲ ಸಂಕೇತ ಮಿಣಮಿಣ ಎನ್ನುವುದೂ ಉಂಟು.

ಎರಡನೆಯ ಕಾರಣ ನೆಲದ ಮೇಲಿನದ್ದು. ನೆಲ ಮುಟ್ಟುವಷ್ಟರಲ್ಲಿ ಜಿಪಿಎಸ್ ಸಂಕೇತದ ಶಕ್ತಿ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟಿರುತ್ತದೆ. ನೀರು ತುಂಬಿದ ಹಸಿ ಸೋಗೆ ಅದನ್ನು ಇನ್ನಷ್ಟು ಕುಂದಿಸುತ್ತದೆ. ತಗಡಿನ ಛಾವಣಿ, ಬಂಡೆ, ಗೋಡೆಗಳಿಗೆ ಬಡಿದು ತಿರುಗಿ ಬರುವ ಸಂಕೇತ ಸುತ್ತುದಾರಿ ಹಿಡಿದಿರುತ್ತದೆ. ರಿಸೀವರ್ ಅದನ್ನೇ ನೇರ ದಾರಿ ಎಂದುಕೊಂಡರೆ ಜಾಗ ತಪ್ಪುತ್ತದೆ.

ಡಬ್ಬದ ಮೇಲಿನ "2.5 ಮೀಟರ್" ಎಂದರೇನು?

ಡ್ರೋನ್ ಕಟ್ಟುವವರಿಗೆ ಸ್ವಿಟ್ಜರ್ಲೆಂಡಿನ ಯು-ಬ್ಲಾಕ್ಸ್ ಕಂಪನಿಯ ಚಿಪ್‌ಗಳು ಚೆನ್ನಾಗಿ ಪರಿಚಯ. ಹಳೆಯ ನಿಯೋ-6ಎಂ ಅಮೆರಿಕದ ಜಿಪಿಎಸ್ ಉಪಗ್ರಹಗಳನ್ನು ಮಾತ್ರ ಕೇಳುತ್ತದೆ. ನಂತರದ ನಿಯೋ-ಎಂ8ಎನ್ ಏಕಕಾಲಕ್ಕೆ ಮೂರು ಉಪಗ್ರಹ ವ್ಯವಸ್ಥೆಗಳನ್ನು ಕೇಳಬಲ್ಲದು. ಎಂ9, ಎಂ10 ಸರಣಿಯವು ನಾಲ್ಕನ್ನು ಕೇಳುತ್ತವೆ.

ಹಾಗಾದರೆ ನಿಖರತೆ ಎಷ್ಟು ಹೆಚ್ಚಾಯಿತು? ಕಂಪನಿಯದೇ ಮಾಹಿತಿ ಪತ್ರದಲ್ಲಿ ನಿಯೋ-6ಎಂಗೆ 2.5 ಮೀಟರ್ ಎಂದಿದೆ. ನಿಯೋ-ಎಂ8ಎನ್‌ಗೂ 2.5 ಮೀಟರ್ ಎಂದೇ ಇದೆ. ಒಂದು ಪೀಳಿಗೆ ದಾಟಿದರೂ ಸಂಖ್ಯೆ ಕದಲಲಿಲ್ಲ. ಹೆಚ್ಚು ಉಪಗ್ರಹ ಸಿಕ್ಕ ಮಾತ್ರಕ್ಕೆ ನಿಖರತೆ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಎಲ್ಲ ಸಂಕೇತಗಳೂ ಅದೇ ಅಯಾನುಮಂಡಲವನ್ನು ಹಾದೇ ಬರಬೇಕಲ್ಲ!

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಆ 2.5 ಮೀಟರ್ "ಇದಕ್ಕಿಂತ ಹೆಚ್ಚು ತಪ್ಪಾಗದು" ಎಂಬ ಖಾತ್ರಿಯಲ್ಲ. ತೆರೆದ ಆಕಾಶದ ಕೆಳಗೆ ನೂರು ಸಲ ಜಾಗ ಕೇಳಿದರೆ ಐವತ್ತು ಉತ್ತರಗಳು ನಿಜವಾದ ಜಾಗದಿಂದ 2.5 ಮೀಟರ್ ಒಳಗೆ ಬೀಳುತ್ತವೆ ಎಂದು ಅದರ ಅರ್ಥ. ಉಳಿದ ಐವತ್ತು ಅದರಾಚೆ. ನೂರರಲ್ಲಿ 95 ಉತ್ತರ ಒಳಗಿರಬೇಕೆಂದರೆ ಎರಡು ಪಟ್ಟು ದೊಡ್ಡ ವೃತ್ತ, ಅಂದರೆ ಸುಮಾರು 5 ಮೀಟರ್ ಬೇಕು.

ಇದನ್ನು ತೋಟದ ಲೆಕ್ಕಕ್ಕೆ ತರೋಣ. ಅಡಿಕೆ ಸಸಿ ನೆಡಲು ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ 9 ಅಡಿ. 2.5 ಮೀಟರ್ ತಪ್ಪು ಎಂದರೆ ಹೆಚ್ಚುಕಡಿಮೆ ಒಂದು ಸಾಲು ಅಡಿಕೆ. 5 ಮೀಟರ್ ಎಂದರೆ ಎರಡು ಸಾಲು. ಗುಂಟೆಯ ಲೆಕ್ಕದಲ್ಲೂ ನೋಡಬಹುದು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 63.6 ಮೀಟರ್. ಆ ಒಂದು ಬದಿಯ ಗೆರೆ 2.5 ಮೀಟರ್ ಸರಿದರೆ ಒಂದೂವರೆ ಗುಂಟೆಗಿಂತ ಹೆಚ್ಚು ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು. ಬದುವಿನ ಮೇಲೆ ನಿಂತು ಇಷ್ಟು ಜಾಗವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ?

ಆ್ಯಪ್‌ನಲ್ಲಿ ಕಾಣುವ ಉದ್ದುದ್ದ ಸಂಖ್ಯೆಗಳೂ ದಾರಿ ತಪ್ಪಿಸುತ್ತವೆ. ಅಕ್ಷಾಂಶದ ಐದನೇ ದಶಾಂಶ ಸ್ಥಾನ ಸುಮಾರು 1.1 ಮೀಟರಿಗೆ ಸಮ. ಏಳನೆಯದ್ದು ಸುಮಾರು ಒಂದು ಸೆಂಟಿಮೀಟರಿಗೆ. ಪರದೆಯ ಮೇಲೆ ಏಳು ದಶಾಂಶ ಕಂಡಾಕ್ಷಣ ಸೆಂಟಿಮೀಟರ್ ಲೆಕ್ಕ ಸಿಕ್ಕಿತೆಂದಲ್ಲ. ಮನೆಯ ಹಳೆ ತಕ್ಕಡಿಯಲ್ಲಿ ಅಡಿಕೆ ತೂಗಿ ಮಿಲಿಗ್ರಾಂನಲ್ಲಿ ಬರೆದಿಟ್ಟ ಹಾಗೆ ಅದು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಜಿಪಿಎಸ್ ತಪ್ಪು ನಿಧಾನವಾಗಿ ಬದಲಾಗುತ್ತದೆ. ಹತ್ತು ನಿಮಿಷದೊಳಗೆ ತೋಟದ ಸುತ್ತ ಅಳೆದರೆ ಎಲ್ಲ ಬಿಂದುಗಳೂ ಬಹುತೇಕ ಒಂದೇ ದಿಕ್ಕಿಗೆ ಸರಿದಿರುತ್ತವೆ. ಆದ್ದರಿಂದ ವಿಸ್ತೀರ್ಣದ ಅಂದಾಜು ಅಷ್ಟೇನೂ ಕೆಡುವುದಿಲ್ಲ. ಎಷ್ಟು ಗೊಬ್ಬರ ಬೇಕು, ಎಷ್ಟು ಡ್ರಿಪ್ ಪೈಪ್ ಬೇಕು ಎಂಬ ಲೆಕ್ಕಕ್ಕೆ ಅದು ಸಾಕು. ಬಾಂದುಕಲ್ಲು ಎಲ್ಲಿತ್ತು ಎಂದು ಹೇಳಲು ಮಾತ್ರ ಸಾಲದು.

ಹಾಗಾದರೆ ಹೊಸ ಮಾಡ್ಯೂಲ್‌ನಿಂದ ಲಾಭವೇನು?

ಲಾಭ ಖಂಡಿತ ಇದೆ, ಅದು ಬೇರೆ ಕಡೆ ಇದೆ. ತೋಟದ ಮಧ್ಯದಿಂದ ಹಾರಿಸುವಾಗ ಆಕಾಶದ ಒಂದು ತುಂಡು ಮಾತ್ರ ಕಾಣುತ್ತದೆ. ಜಿಪಿಎಸ್ ಒಂದನ್ನೇ ಕೇಳುವ ರಿಸೀವರ್‌ಗೆ ಅಷ್ಟು ಜಾಗದಲ್ಲಿ ನಾಲ್ಕೈದು ಉಪಗ್ರಹ ಸಿಗಬಹುದು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌಗಳನ್ನೂ ಕೇಳುವ ರಿಸೀವರ್‌ಗೆ ಅದೇ ಜಾಗದಲ್ಲಿ ಹನ್ನೆರಡು, ಹದಿನೈದು ಸಿಕ್ಕರೆ ಆಶ್ಚರ್ಯವಿಲ್ಲ. ಆಗ ಒಂದೆರಡು ಮರೆಯಾದರೂ ಡ್ರೋನ್ ಕಂಗಾಲಾಗುವುದಿಲ್ಲ.

ಉಪಗ್ರಹಗಳ ಎಣಿಕೆಯಷ್ಟೇ ಅವು ಹರಡಿರುವ ರೀತಿಯೂ ಮುಖ್ಯ. ದೂರದ ಮರ ಎಲ್ಲಿದೆ ಎಂದು ಒಂದೇ ಕಡೆ ನಿಂತ ಇಬ್ಬರು ಹೇಳುವುದಕ್ಕಿಂತ ಹೊಲದ ಎರಡು ಮೂಲೆಗಳಲ್ಲಿ ನಿಂತ ಇಬ್ಬರು ಹೇಳಿದರೆ ಸರಿಯಾಗಿ ಗೊತ್ತಾಗುತ್ತದೆ. ಈ ಹರಡುವಿಕೆಯನ್ನು ತೋರಿಸುವ ಸಂಖ್ಯೆಗೆ ಎಚ್‌ಡಿಒಪಿ ಎನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ ತಾನಾಗಿ ಒಪ್ಪುವ ಮಿತಿ 1.4. "20 ಸ್ಯಾಟಲೈಟ್ ಸಿಕ್ಕಿದೆ" ಎಂದು ಬೀಗುವ ಮುನ್ನ ಈ ಸಂಖ್ಯೆಯನ್ನೂ ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆ ಬಿಂದು, ಅಂದರೆ ಹೋಮ್ ಪಾಯಿಂಟ್. ಹಾರುವ ಹೊತ್ತಿಗೆ ತಾನಿದ್ದ ಜಾಗವನ್ನು ಡ್ರೋನ್ ನೆನಪಿಟ್ಟುಕೊಳ್ಳುತ್ತದೆ. ಸಂಪರ್ಕ ತಪ್ಪಿದರೆ ಅಲ್ಲಿಗೇ ಮರಳುತ್ತದೆ. ಜಾಗ ಸರಿಯಾಗಿ ಸಿಗುವ ಮೊದಲೇ ಹಾರಿಸಿದರೆ ಈ ನೆನಪೇ ತಪ್ಪಾಗಿರುತ್ತದೆ, ಡ್ರೋನ್ ಪಕ್ಕದ ತೋಟದ ಅಡಿಕೆ ಮರದ ತಲೆಯ ಮೇಲೆ ಇಳಿಯುತ್ತದೆ. ಬೇಗ ಮತ್ತು ಸ್ಥಿರವಾಗಿ ಜಾಗ ಹಿಡಿಯುವ ಮಾಡ್ಯೂಲ್ ಈ ಅಪಾಯವನ್ನು ತಗ್ಗಿಸುತ್ತದೆ. ಜಿಪಿಎಸ್‌ಗೆ ಮರ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಹತ್ತು ಮೀಟರಾದರೂ ಮೇಲಿಡಬೇಕು.

ಗಗನ್, ನಾವಿಕ್ ಇದ್ದರೆ?

ಗಗನ್ ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಕಟ್ಟಿದ ವ್ಯವಸ್ಥೆ. ದೇಶದ 15 ಕಡೆಗಳಲ್ಲಿರುವ ಕೇಂದ್ರಗಳು ಜಿಪಿಎಸ್ ತಪ್ಪನ್ನು ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಲ್ಲಿ ಅದನ್ನು ಲೆಕ್ಕ ಹಾಕಿ ಉಪಗ್ರಹದ ಮೂಲಕ ತಿದ್ದುಪಡಿ ಕಳಿಸುತ್ತಾರೆ. ಬಹುತೇಕ ಮಾಡ್ಯೂಲ್‌ಗಳು ಇದನ್ನು ಕೇಳಬಲ್ಲವು, ಖರ್ಚೂ ಇಲ್ಲ. ಇಂಥ ತಿದ್ದುಪಡಿ ಸಿಕ್ಕರೆ ನಿಯೋ-6ಎಂನ 2.5 ಮೀಟರ್ 2 ಮೀಟರ್ ಆಗುತ್ತದೆ ಎಂದು ಅದೇ ಮಾಹಿತಿ ಪತ್ರ ಹೇಳುತ್ತದೆ. ಲಾಭವೇ ಸರಿ, ಆದರೂ ಇಂಚಿನ ಲೆಕ್ಕವಲ್ಲ.

ನಾವಿಕ್ ನಮ್ಮದೇ ಉಪಗ್ರಹ ವ್ಯವಸ್ಥೆ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದೇ ವರ್ಷ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇದರ ಸಂಚಾರ ಕೇಂದ್ರ ಶುರುವಾಯಿತು. ಆದರೆ ಮೊದಲ ಸಾಲಿನ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಾಂತರಗಳಲ್ಲಿ ಮಾತ್ರ ಮಾತಾಡುತ್ತವೆ. ಅಗ್ಗದ ಮಾಡ್ಯೂಲ್‌ಗಳು ಕೇಳುವುದು ಎಲ್1 ತರಂಗಾಂತರವನ್ನು. ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಹಳೆಯ ಕೆಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟಿರುವುದೂ ಉಂಟು. ಹಾಗಾಗಿ ಡಬ್ಬದ ಮೇಲೆ "ನಾವಿಕ್" ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಅದು ಯಾವ ತರಂಗಾಂತರ ಕೇಳುತ್ತದೆ ಎಂದು ನೋಡಿ. ಎಲ್1, ಎಲ್5 ಎರಡನ್ನೂ ಕೇಳುವ ರಿಸೀವರ್ ಆದರೆ ಎರಡರ ತಡವನ್ನು ಹೋಲಿಸಿ ಅಯಾನುಮಂಡಲದ ತಪ್ಪನ್ನು ತಾನೇ ಕಳೆಯಬಲ್ಲದು. ನಮ್ಮ ಆಕಾಶಕ್ಕೆ ಅದು ನಿಜಕ್ಕೂ ಬೆಲೆಯುಳ್ಳ ಗುಣ.

ಹೊಸದು ತರುವ ಮುನ್ನ ಹಳೆಯದನ್ನು ನೋಡಿ

"ಜಿಪಿಎಸ್ ಹಾಳಾಗಿದೆ" ಎನ್ನುವಾಗ ಹಲವು ಸಲ ಕೆಟ್ಟಿರುವುದು ಬೇರೆಯೇ.

ಮಾಡ್ಯೂಲ್‌ನೊಳಗಿನ ಪುಟ್ಟ ಬ್ಯಾಟರಿ: ಉಪಗ್ರಹಗಳ ವೇಳಾಪಟ್ಟಿಯನ್ನು ಇದು ನೆನಪಿಡುತ್ತದೆ. ಇದು ಸತ್ತಿದ್ದರೆ ಪ್ರತಿ ಸಲವೂ ಮೊದಲಿನಿಂದ ಹುಡುಕಬೇಕು. ಉಪಗ್ರಹ ಕಳಿಸುವ ಮಾಹಿತಿ ಸೆಕೆಂಡಿಗೆ 50 ಬಿಟ್ ಮಾತ್ರ. ಪೂರ್ತಿ ಪಟ್ಟಿ ಬರಲು 12.5 ನಿಮಿಷ ಹಿಡಿಯುತ್ತದೆ. ತಿಂಗಳುಗಟ್ಟಲೆ ಚೀಲದಲ್ಲಿದ್ದ ಡ್ರೋನ್ ಮೊದಲ ದಿನ ತಡ ಮಾಡಿದರೆ ಅದು ರೋಗವಲ್ಲ. ಬಯಲಲ್ಲಿಟ್ಟು ಕಾಲು ಗಂಟೆ ಕಾಯಿರಿ.

ದಿಕ್ಸೂಚಿ: ಡ್ರೋನ್‌ನ ಜಿಪಿಎಸ್ ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಕಂಪಾಸ್ ಕೂಡ ಇರುತ್ತದೆ. ನಿಂತ ಡ್ರೋನ್‌ಗೆ ತನ್ನ ಮೂತಿ ಯಾವ ಕಡೆಗಿದೆ ಎಂದು ಜಿಪಿಎಸ್ ಹೇಳಲಾರದು, ಕಂಪಾಸ್ ಹೇಳಬೇಕು. ಡ್ರೋನ್ ಗಾಳಿಯಲ್ಲಿ ನಿಲ್ಲದೆ ದೊಡ್ಡದಾಗುತ್ತಾ ಹೋಗುವ ವೃತ್ತದಲ್ಲಿ ಸುತ್ತುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಕಂಪಾಸನ್ನು.

ಗದ್ದಲ: ಕ್ಯಾಮೆರಾ, ವಿಡಿಯೊ ಟ್ರಾನ್ಸ್‌ಮಿಟರ್, ಎಚ್‌ಡಿಎಂಐ ಕೇಬಲ್‌ಗಳು ಹೊರಸೂಸುವ ರೇಡಿಯೊ ಗದ್ದಲ ಜಿಪಿಎಸ್‌ನ ಪಿಸುಮಾತನ್ನು ಮುಚ್ಚಿಬಿಡಬಹುದು. ಕ್ಯಾಮೆರಾ ಆರಿಸಿದ ಕೂಡಲೇ ಉಪಗ್ರಹಗಳ ಸಂಖ್ಯೆ ಏರಿದರೆ ರೋಗ ಗೊತ್ತಾಯಿತು. ಮಾಡ್ಯೂಲನ್ನು ಬದಲಿಸುವುದಲ್ಲ, ದೂರ ಇಡುವುದು ಮದ್ದು.

ಹಳೆಯ ತಂತ್ರಾಂಶ: ಜಿಪಿಎಸ್ ವಾರಗಳನ್ನು 0ರಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಕೊನೆಯ ಸಲ ಹೀಗಾದದ್ದು 2019ರ ಏಪ್ರಿಲ್‌ನಲ್ಲಿ. ತೀರಾ ಹಳೆಯ ಮಾಡ್ಯೂಲ್‌ಗಳು ಇದರಿಂದ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಬಹುದು. ಹಾಗೆ ತೋರಿಸುತ್ತಿದ್ದರೆ ಬದಲಿಸಲು ಅದು ಸರಿಯಾದ ಕಾರಣ.

ಎಲ್ಲ ಡ್ರೋನ್‌ಗೂ ಹಾಕಲು ಬರುವುದಿಲ್ಲ

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮಡಚುವ ಕ್ಯಾಮೆರಾ ಡ್ರೋನ್‌ಗಳಲ್ಲಿ ಜಿಪಿಎಸ್, ಫ್ಲೈಟ್ ಕಂಟ್ರೋಲರ್, ತಂತ್ರಾಂಶ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅದೇ ಮಾದರಿಯ ಬಿಡಿಭಾಗ ಹಾಕಿ ದುರಸ್ತಿ ಮಾಡಬಹುದು, ಬೇರೆ ಮಾಡ್ಯೂಲ್ ಹಾಕಿ ಮೇಲ್ದರ್ಜೆಗೆ ಏರಿಸಲು ಆಗುವುದಿಲ್ಲ. ಪಿಕ್ಸ್‌ಹಾಕ್‌ನಂಥ ಫ್ಲೈಟ್ ಕಂಟ್ರೋಲರ್ ಮೇಲೆ ಆರ್ಡುಪೈಲಟ್, ಐನಾವ್ ಮುಂತಾದ ಮುಕ್ತ ತಂತ್ರಾಂಶ ಓಡುತ್ತಿರುವ, ಬಿಡಿಭಾಗ ಜೋಡಿಸಿ ಕಟ್ಟಿದ ಡ್ರೋನ್‌ಗಳಿಗೆ ಮಾತ್ರ ಈ ಕೆಲಸ ಸುಲಭ.

ವಿದೇಶದಲ್ಲಿ ತಯಾರಾದ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿ 9ರಂದು ನಿಷೇಧಿಸಿತು. ಸಂಶೋಧನೆ, ರಕ್ಷಣೆಯಂಥ ಕೆಲವಕ್ಕೆ ವಿನಾಯಿತಿಯಿದೆ, ಬಿಡಿಭಾಗಗಳಿಗೆ ತಡೆಯಿಲ್ಲ. ಇರುವ ಡ್ರೋನನ್ನೇ ಸುಧಾರಿಸಿಕೊಳ್ಳುವ ಆಸೆ ಹೆಚ್ಚಲು ಇದೂ ಒಂದು ಕಾರಣ. ಕೈ ಹಾಕುವ ಮುನ್ನ 2021ರ ಡ್ರೋನ್ ನಿಯಮಗಳಲ್ಲಿ ಮೂರು ಅಂಶ ಗಮನಿಸಿ.

ಒಂದು, ತೂಕ. 250 ಗ್ರಾಂವರೆಗಿನದ್ದು ನ್ಯಾನೊ, ಅದಕ್ಕೂ ಮೇಲೆ 2 ಕಿಲೋವರೆಗೆ ಮೈಕ್ರೊ. 249 ಗ್ರಾಂ ಡ್ರೋನ್‌ಗೆ ಇಪ್ಪತ್ತು ಗ್ರಾಂನ ಮಾಡ್ಯೂಲ್ ಕಟ್ಟಿದರೆ ಅದು ನ್ಯಾನೊ ಆಗಿ ಉಳಿಯುವುದಿಲ್ಲ, ಅದಕ್ಕೆ ಅನ್ವಯಿಸುವ ನಿಯಮಗಳೂ ಬದಲಾಗುತ್ತವೆ. ಎರಡು, ನೋಂದಣಿ ಸಂಖ್ಯೆ ಫ್ಲೈಟ್ ಕಂಟ್ರೋಲರ್‌ನ ಸೀರಿಯಲ್ ನಂಬರಿಗೆ ಜೋಡಿಸಿರುತ್ತದೆ. ಜಿಪಿಎಸ್ ಜೊತೆಗೆ ಅದನ್ನೂ ಬದಲಿಸಿದರೆ ನೋಂದಣಿ ತಾಣದಲ್ಲಿ ತಿಳಿಸಬೇಕು. ಮೂರು, ಔಷಧಿ ಹೊಡೆಯುವ ದೊಡ್ಡ ಡ್ರೋನ್‌ಗಳಿಗೆ ಆ ಮಾದರಿಗೆಂದೇ ಟೈಪ್ ಸರ್ಟಿಫಿಕೇಟ್ ಸಿಕ್ಕಿರುತ್ತದೆ. ಅವುಗಳ ಭಾಗವನ್ನು ತಯಾರಕರನ್ನು ಕೇಳದೆ ಬದಲಿಸಬೇಡಿ.

ಹಾಕುವ ಕ್ರಮ

ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಆರು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಜಿಪಿಎಸ್ ಮಾಹಿತಿಗೆ, ಎರಡು ಕಂಪಾಸ್‌ಗೆ. ಜಿಪಿಎಸ್‌ನ ಟಿಎಕ್ಸ್ ತಂತಿ ಕಂಟ್ರೋಲರ್‌ನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ತಂತಿ ಟಿಎಕ್ಸ್‌ಗೆ ಹೋಗಬೇಕು, ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಎಂಬ ಹಾಗೆ. ಎಸ್‌ಡಿಎ, ಎಸ್‌ಸಿಎಲ್ ತಂತಿಗಳನ್ನು ಮಾತ್ರ ಅದೇ ಹೆಸರಿನ ಜಾಗಕ್ಕೇ ಸೇರಿಸಬೇಕು. ತಂತಿಯ ಬಣ್ಣ ನಂಬಬೇಡಿ, ಹೆಸರು ಓದಿ ಜೋಡಿಸಿ. ವೋಲ್ಟೇಜ್ ಎಷ್ಟು ಎಂದು ಖಚಿತ ಮಾಡಿಕೊಳ್ಳಿ.

ಕೂರಿಸುವಾಗ ಸೆರಾಮಿಕ್ ಆಂಟೆನಾ ಆಕಾಶ ನೋಡುವಂತಿರಬೇಕು. ಮೇಲಿನ ಬಾಣದ ಗುರುತು ಡ್ರೋನ್‌ನ ಮುಂಭಾಗಕ್ಕೆ ತಿರುಗಿರಬೇಕು. ಬ್ಯಾಟರಿಯ ದಪ್ಪ ತಂತಿಗಳಲ್ಲಿ ಹರಿಯುವ ವಿದ್ಯುತ್ ಕಂಪಾಸನ್ನು ಎಳೆಯುತ್ತದೆ. ಆದ್ದರಿಂದಲೇ ಮಾಡ್ಯೂಲನ್ನು ಪುಟ್ಟ ಕಂಬದ ಮೇಲೆ ಎತ್ತಿ ಕೂರಿಸುತ್ತಾರೆ.

ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಎಷ್ಟು ಸಲ ಜಾಗ ಹೇಳಬೇಕೆಂದು ನಿಗದಿ ಮಾಡಬೇಕು. ಹಲವು ಮಾಡ್ಯೂಲ್‌ಗಳು ಮೊದಲಿಗೆ ಒಂದೇ ಸಲ ಹೇಳುತ್ತವೆ. ಡ್ರೋನ್‌ಗೆ ಐದು ಸಲವಾದರೂ ಬೇಕು. ಆರ್ಡುಪೈಲಟ್‌ನಂಥ ತಂತ್ರಾಂಶ ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಗ್ಲೋನಾಸ್, ಗೆಲಿಲಿಯೊ, ಗಗನ್ ತೆರೆದಿವೆಯೇ ಎಂದೂ ನೋಡಿ.

ಕೊನೆಗೆ ಕಂಪಾಸ್ ಕ್ಯಾಲಿಬ್ರೇಷನ್. ಡ್ರೋನನ್ನು ಎಲ್ಲ ಬದಿಗೂ ತಿರುಗಿಸುತ್ತಾ ಮಾಡುವ ಈ ಕೆಲಸಕ್ಕೆ ಜಾಗ ಮುಖ್ಯ. ಬೋರ್‌ವೆಲ್ ಕೇಸಿಂಗ್, ಟ್ರಾಕ್ಟರ್, ಟ್ರಾನ್ಸ್‌ಫಾರ್ಮರ್, ಕಬ್ಬಿಣದ ಸರಳು ಹಾಕಿದ ಆರ್‌ಸಿಸಿ ತಾರಸಿ, ಇವುಗಳ ಪಕ್ಕ ಬೇಡ. ಜೇಬಿನಲ್ಲಿರುವ ಮೊಬೈಲನ್ನೂ ತೆಗೆದಿಡಿ. ಮಣ್ಣಿನ ಕಣ ಅಥವಾ ಬಯಲು ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಹಳೆಯ ಮಾಡ್ಯೂಲ್ ತೆಗೆಯುವ ಮುನ್ನವೇ ಇದನ್ನು ಮಾಡಿ. ರೆಕ್ಕೆಗಳನ್ನು ಬಿಚ್ಚಿ, ಡ್ರೋನನ್ನು ಕಣದ ಮಧ್ಯೆ ಕದಲದಂತೆ ಇಟ್ಟು, ಅರ್ಧ ಗಂಟೆ ಅದು ಹೇಳುವ ಜಾಗವನ್ನು ಲಾಗ್ ಮಾಡಿ. ನಕ್ಷೆಯ ಮೇಲೆ ಚುಕ್ಕಿಗಳನ್ನು ನೋಡಿದರೆ ನಿಂತಲ್ಲೇ ನಿಂತ ಡ್ರೋನ್ ಓಡಾಡಿದಂತೆ ಕಾಣುತ್ತದೆ. ಅದೇ ನಿಮ್ಮ ಜಿಪಿಎಸ್‌ನ ನಿಜವಾದ ಹರಡು. ಹೊಸದು ಹಾಕಿದ ಮೇಲೆ ಅದೇ ಜಾಗ, ಅದೇ ಹೊತ್ತಿನಲ್ಲಿ ಮತ್ತೆ ಮಾಡಿ. ಚುಕ್ಕಿಗಳ ಗುಂಪು ಸಣ್ಣದಾದರೆ ಹಣ ಸಾರ್ಥಕ. ಮರುದಿನ ಇನ್ನೊಮ್ಮೆ ಮಾಡಿದರೆ ಆ ಗುಂಪೇ ಸ್ವಲ್ಪ ಪಕ್ಕಕ್ಕೆ ಸರಿದಿರುವುದೂ ಕಾಣಬಹುದು. ಗಡಿಯ ವಿಷಯದಲ್ಲಿ ನಾವು ಹೇಳಿದ್ದು ಇದನ್ನೇ.

ಗಡಿಗೇ ಬೇಕೆಂದರೆ?

ಸೆಂಟಿಮೀಟರ್ ಲೆಕ್ಕಕ್ಕೆ ಇರುವ ವಿಧಾನ ಆರ್‌ಟಿಕೆ. ಜಾಗ ಮೊದಲೇ ನಿಖರವಾಗಿ ಗೊತ್ತಿರುವ ಬಿಂದುವಿನಲ್ಲಿ ಒಂದು ರಿಸೀವರ್ ಇಡುತ್ತಾರೆ. ಅದಕ್ಕೆ ಬೇಸ್ ಎನ್ನುತ್ತಾರೆ. ಬರುವ ಸಂಕೇತದಲ್ಲಿ ಈ ಕ್ಷಣ ಎಷ್ಟು ತಪ್ಪಿದೆ ಎಂದು ಅದು ಕಂಡುಹಿಡಿದು ಡ್ರೋನ್‌ನಲ್ಲಿರುವ ರಿಸೀವರ್‌ಗೆ ಹೇಳುತ್ತದೆ. ಝಡ್‌ಇಡಿ-ಎಫ್9ಪಿಯಂಥ ಎರಡು ತರಂಗಾಂತರದ ಚಿಪ್ ಇದನ್ನು ಮಾಡಬಲ್ಲದು. ಆದರೆ ಬೇಸ್, ಆಂಟೆನಾ, ರೇಡಿಯೊ ಸೇರಿ ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಬೇಸ್ ಇಟ್ಟ ಜಾಗವೇ ಅಂದಾಜಿನದ್ದಾದರೆ ಇಡೀ ನಕ್ಷೆ ಅಷ್ಟೇ ಅಂದವಾಗಿ ಪಕ್ಕಕ್ಕೆ ಸರಿದಿರುತ್ತದೆ.

2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್‌ಗಳು ನಿಖರ ನಕ್ಷೆ ಮಾಡುವುದು ಹೀಗೆಯೇ. ಭಾರತೀಯ ಸರ್ವೇಕ್ಷಣಾ ಇಲಾಖೆ ಸ್ಥಾಪಿಸಿರುವ ಕಾಯಂ ಬೇಸ್ ಕೇಂದ್ರಗಳ ಜಾಲ ಅದರ ಹಿಂದಿದೆ. ಆದರೆ ಆ ಯೋಜನೆ ಅಳೆಯುವುದು ಊರೊಳಗಿನ ವಾಸದ ಜಾಗವನ್ನು, ಹೊಲ ತೋಟಗಳನ್ನಲ್ಲ.

ಆರ್‌ಟಿಕೆ ಇದ್ದರೂ ತೋಟದಲ್ಲಿ ಇನ್ನೊಂದು ತೊಡಕಿದೆ. ಡ್ರೋನ್ ಮೇಲಿಂದ ನೋಡುವುದು ಅಡಿಕೆಯ ಚಂಡೆಯನ್ನು. ಬಾಂದುಕಲ್ಲು ಇರುವುದು ಕೆಳಗೆ, ನೆರಳಿನಲ್ಲಿ, ಕೆಲವು ಸಲ ಮಣ್ಣಿನೊಳಗೆ. ಕಾಣದ ಕಲ್ಲನ್ನು ಯಾವ ಕ್ಯಾಮೆರಾವೂ ಅಳೆಯಲಾರದು. ಕಲ್ಲು ಸಿಕ್ಕರೂ ಅದು ಸರಿಯಾದ ಜಾಗದಲ್ಲಿದೆಯೇ ಎನ್ನುವುದು ದಾಖಲೆಯ ಪ್ರಶ್ನೆ, ಉಪಗ್ರಹದ್ದಲ್ಲ.

ಗಡಿಯ ತಕರಾರಿದ್ದರೆ ದಾರಿ ಹಳೆಯದೇ. ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಬೇಕು. ಭೂಮಾಪಕರು ಬಂದು ಎಲ್ಲರೆದುರು ಮೂಲ ದಾಖಲೆಯಂತೆ ಅಳೆಯಬೇಕು. ನಿಮ್ಮ ಡ್ರೋನ್ ಚಿತ್ರವನ್ನು ಅಲ್ಲಿ ತೋರಿಸಬಹುದು. ಬದು ಎಲ್ಲಿದೆ, ಕಾಲುವೆ ಎಲ್ಲಿ ಹರಿಯುತ್ತದೆ ಎಂದು ವಿವರಿಸಲು ಅದು ಸಹಾಯವಾಗುತ್ತದೆ. ಆ ಚಿತ್ರದ ಮೇಲೆ ಗೆರೆ ಎಳೆದು ಬೇಲಿ ಕೀಳುವುದು ಮಾತ್ರ ಬೇಡ. ಕಾಡಂಚಿನ ತೋಟವಾದರೆ ಹಾರಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ ಏನು ಮಾಡಬೇಕು?

ಡ್ರೋನ್ ಜಾಗ ಹಿಡಿಯಲು ತಡ ಮಾಡುತ್ತಿದೆ, ನಿಲ್ಲದೆ ತೇಲುತ್ತಿದೆ, ವಾಪಸ್ ಬರುವಾಗ ದೂರ ಇಳಿಯುತ್ತಿದೆ ಎಂದಾದರೆ ಮೊದಲು ಬ್ಯಾಟರಿ, ಕಂಪಾಸ್, ಗದ್ದಲ ಈ ಮೂರನ್ನೂ ನೋಡಿ. ಅಷ್ಟಕ್ಕೂ ಸರಿಹೋಗದಿದ್ದರೆ, ನಿಮ್ಮದು ಮುಕ್ತ ತಂತ್ರಾಂಶದ ಡ್ರೋನ್ ಆಗಿದ್ದರೆ, ನಾಲ್ಕು ಉಪಗ್ರಹ ವ್ಯವಸ್ಥೆ ಕೇಳುವ, ಕಂಪಾಸ್ ಇರುವ ಮಾಡ್ಯೂಲ್ ಹಾಕಿಸಿ. ಖಂಡಿತ ವ್ಯತ್ಯಾಸ ಕಾಣುತ್ತದೆ.

ತೋಟದ ಗಡಿಗಾಗಿ ಎಂದಾದರೆ ಆ ಹಣ ಉಳಿಸಿ, ಹದ್ದುಬಸ್ತಿನ ಅರ್ಜಿಗೆ ಕಟ್ಟಿ. ಒಂದು ಸಾಲು ಅಡಿಕೆ ಯಾರದ್ದು ಎನ್ನುವ ಪ್ರಶ್ನೆಗೆ, ಒಂದು ಸಾಲಿನಷ್ಟೇ ತಪ್ಪುವ ಯಂತ್ರ ಉತ್ತರ ಹೇಳಲಾರದು.